ಅಣ್ಣಮ್ಮ ಟೀಚರಿಗೆ ಕನ್ನಡ ಕಲಿಸಿದ್ದು

ಮರಗೆಣಸು ಬೇಯುವ ವಾಸನೆಯನ್ನು ಪರಿಮಳ ಎನ್ನುವವರು ನಮ್ಮ ಪುತ್ತೂರಿನಲ್ಲಿ ಹೆಚ್ಚು ಮಂದಿ ಇರಲಿಕ್ಕಿಲ್ಲ. ನಾನೊಬ್ಬ ಇದ್ದೇನೆ. ಮೊನ್ನೆ ಸೋಮವಾರದ ಸಂತೆಯಿಂದ ಹೆಂಡತಿ ಗೆಣಸು ತಂದು ಬೇಯಲಿಕ್ಕೆ ಇಟ್ಟಿದ್ದಳು. ಪೇಪರು ಓದುತ್ತಾ ಕೂತಿದ್ದವನ ಮೂಗಿಗೆ ಆ ಬಿಸಿಯಾದ, ಮಣ್ಣುಮಣ್ಣಾದ ವಾಸನೆ ಬಡಿದದ್ದೇ ತಡ, ಕಾಲು ತಾನಾಗಿ ಅಡುಗೆಮನೆಯ ಕಡೆಗೆ ನಡೆಯಿತು. “ನಿಮಗೆ ಎರಡೇ ತುಂಡು. ಡಾಕ್ಟ್ರು ಹೇಳಿದ್ದು ನೆನಪುಂಟಲ್ಲ?” ಎಂದಳು. ಒಂದು ಬೆಟಾಲಿಯನ್ನಿಗೆ ಆಜ್ಞೆ ಕೊಟ್ಟು ನಿವೃತ್ತನಾದವನಿಗೆ ಮನೆಯಲ್ಲಿ ಸಿಗುವ ಪಡಿ ಇಷ್ಟು. ಹಸಿಮೆಣಸು, ಸಣ್ಣ ನೀರುಳ್ಳಿ, ಉಪ್ಪು ಸೇರಿಸಿ ಜಜ್ಜಿದ ಚಟ್ನಿಯಲ್ಲಿ ಅದ್ದಿ ಆ ಎರಡು ತುಂಡನ್ನೇ ಆದಷ್ಟು ನಿಧಾನವಾಗಿ ತಿಂದೆ.

ಗೆಣಸಿಗೂ ಸೈನ್ಯಕ್ಕೂ ಎಂತ ಸಂಬಂಧ ಎಂದು ನೀವು ಕೇಳಬಹುದು. ಗೆಣಸು ಇಲ್ಲದಿದ್ದರೆ ನಾನು ಸೈನ್ಯಕ್ಕೆ ಸೇರುತ್ತಿರಲಿಲ್ಲ ಎಂದರೆ ಸ್ವಲ್ಪ ಹೆಚ್ಚಾದೀತು. ಗೆಣಸು ಬೇಯಿಸಿ ಕೊಟ್ಟವರು ಇಲ್ಲದಿದ್ದರೆ ಎಂದರೆ ಸರಿಯಾದೀತು.

ಪುತ್ತೂರಿನ ಹೈಸ್ಕೂಲಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಪಾಸಾದೆ ಎನ್ನುವುದಕ್ಕಿಂತ ದಾಟಿಸಿಬಿಟ್ಟರು ಎನ್ನಬೇಕು. ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು. ಕನ್ನಡದಲ್ಲಿ ಅದಕ್ಕಿಂತ ಎರಡು ಹೆಚ್ಚು. ಆಲಂಕಾರಿನಲ್ಲಿ ಜಿನಸಿನ ಅಂಗಡಿ ಇಟ್ಟಿದ್ದ ಅಪ್ಪ ಮಾರ್ಕಿನ ಪುಸ್ತಕವನ್ನು ದೂರ ಹಿಡಿದು ನೋಡಿ, “ಸ್ವಂತ ಭಾಷೆ ಅಂತ ಎರಡು ಮಾರ್ಕು ಧರ್ಮಕ್ಕೆ ಹಾಕಿದ್ದಾರೆ” ಎಂದರು. ಬೈದಿದ್ದರೆ ಸುಲಭವಿತ್ತು. ಅವರು ಬೈಯದೆ, ಮರುದಿನ ಬೆಳಿಗ್ಗೆ ತಕ್ಕಡಿಯನ್ನು ನನ್ನ ಕಡೆಗೆ ಸರಿಸಿದರು. ಮಳೆಗಾಲ ಮುಗಿದ ಮೇಲೆ ಮದ್ರಾಸಿನಲ್ಲಿರುವ ಮಾವನ ಹೋಟೆಲಿಗೆ ನನ್ನನ್ನು ಕಳಿಸುವುದೆಂದು ಮನೆಯಲ್ಲಿ ಮಾತಾಯಿತು.

ಅಂಗಡಿಯಲ್ಲಿ ಬೆಲ್ಲ, ಮೆಣಸು ಕಟ್ಟಲಿಕ್ಕೆ ಮಂಗಳೂರಿನಿಂದ ಹಳೆಯ ಪೇಪರಿನ ಕಟ್ಟುಗಳು ಬರುತ್ತಿದ್ದವು. ಒಂದು ದಿನ ಪೊಟ್ಟಣಕ್ಕೆಂದು ಹರಿಯಹೊರಟ ಇಂಗ್ಲಿಷ್ ಪೇಪರಿನಲ್ಲಿ ನನ್ನದೇ ವಯಸ್ಸಿನ ಹುಡುಗನೊಬ್ಬ ಕುದುರೆಯ ಮೇಲೆ ನೆಟ್ಟಗೆ ಕೂತಿದ್ದ. ಚಿತ್ರದ ಕೆಳಗೆ ಒತ್ತೊತ್ತಾಗಿ ಅಕ್ಷರ. ದೇಶಸೇವೆಯ ಹಂಬಲದಿಂದ ಸೈನ್ಯ ಸೇರಿದೆ ಎಂದು ಮುಂದೆ ಎಷ್ಟೋ ಶಾಲೆಗಳ ವೇದಿಕೆಯಲ್ಲಿ ಭಾಷಣ ಮಾಡಿದ್ದೇನೆ. ನಿಮ್ಮ ಹತ್ತಿರ ಹೇಳುತ್ತೇನೆ: ಆಗ ನನ್ನ ಹಂಬಲ ಇದ್ದದ್ದು ಆ ಕುದುರೆಯ ಮೇಲೆ. ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಲು ನೋಡಿದೆ. ‘ಅಕಾಡೆಮಿ’ ಎಂಬಲ್ಲಿಗೆ ನನ್ನ ಮೂವತ್ತೈದು ಮಾರ್ಕು ಮುಗಿಯಿತು.

ಅಷ್ಟರಲ್ಲಿ ಉಪ್ಪಿಗೆ ಬಂದವರು ಅಣ್ಣಮ್ಮ ಟೀಚರ್.

ಆ ಕಾಲದಲ್ಲಿ ಕಡಬದ ಕಡೆಯ ಕಾಡಂಚಿಗೆ ತಿರುವಾಂಕೂರಿನಿಂದ ಕ್ರಿಶ್ಚನ್ ಕುಟುಂಬಗಳು ಬಂದು, ಜಾಗ ಕೊಂಡು, ಗುಡ್ಡ ಸವರಿ ಗೆಣಸು, ರಬ್ಬರು ಹಾಕುತ್ತಿದ್ದವು. ಅಂಥ ಒಂದು ಮನೆಯವರು ಇವರು. ಮೂವತ್ತು ಮೂವತ್ತೆರಡರ ಪ್ರಾಯ. ಬಿಳಿ ಸೀರೆ, ಕೈಯಲ್ಲಿ ಯಾವಾಗಲೂ ಕೊಡೆ. ಗಂಡ ಕುರಿಯನ್ ಮಾತು ಕಡಿಮೆಯವರು. ತೋಟಕ್ಕೆ ಆನೆ ಬಂದರೂ “ಬಂತು” ಎನ್ನುವುದಕ್ಕಿಂತ ಹೆಚ್ಚು ಹೇಳುವವರಲ್ಲ. ಆ ಬಾಕಿ ಮಾತನ್ನೂ ಸೇರಿಸಿ ಟೀಚರೇ ಆಡುತ್ತಿದ್ದರು. ಊರಲ್ಲಿ ಪಾಠ ಮಾಡಿದ್ದವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಇಲ್ಲಿ ಮಾತ್ರ ಕೆಲಸ ಸಿಕ್ಕಿರಲಿಲ್ಲ. ನಮ್ಮ ಜಿಲ್ಲೆ ಆಗಷ್ಟೇ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತ್ತು. ಹತ್ತಿರದ ಶಾಲೆಯವರು, “ಕನ್ನಡ ಪರೀಕ್ಷೆ ಪಾಸು ಮಾಡಿಕೊಂಡು ಬನ್ನಿ, ಆಮೇಲೆ ನೋಡುವ” ಎಂದಿದ್ದರು.

“ಟೀಚರ್, ಇದರಲ್ಲಿ ಎಂತ ಬರೆದಿದ್ದಾರೆ?” ಎಂದು ಪೇಪರು ಮುಂದೆ ಹಿಡಿದೆ.

ಅವರು ಸರಸರ ಓದಿದರು. ಪುಣೆಯ ಹತ್ತಿರ ಸೈನ್ಯದ ಅಕಾಡೆಮಿ, ಸೇರಬೇಕಾದರೆ ಪರೀಕ್ಷೆ ಬರೆಯಬೇಕು, ಇಂಗ್ಲಿಷ್, ಲೆಕ್ಕ, ಸಾಮಾನ್ಯ ಜ್ಞಾನ, ಹೈಸ್ಕೂಲು ಪಾಸಾಗಿರಬೇಕು.

“ಎಷ್ಟು ಮಾರ್ಕು ಬೇಕಂತೆ?”

“ಮಾರ್ಕ್ ಚೋದಿಸಿಲ್ಲ, ಕೇಳಿಲ್ಲ. ಪಾಸ್ ಮತಿ. ಪಾಸ್ ಸಾಕು.”

ಪಾಸ್ ಸಾಕು! ನನ್ನ ಮಟ್ಟಿಗೆ ಅದು ದೇವವಾಣಿಯಂತೆ ಕೇಳಿಸಿತು. ಆ ಪೇಪರು ಆರೇಳು ತಿಂಗಳು ಹಳೆಯದು ಎಂದು ಟೀಚರ್ ತಾರೀಖು ತೋರಿಸಿದಾಗ ಮುಖ ಬಾಡಿತು. “ಇದು ಪ್ರತಿ ವರ್ಷ ಉಂಡು, ಮೋನೇ” ಎಂದರು. ಅವರ ಭಾಷೆಯಲ್ಲಿ ಮೋನೇ ಎಂದರೆ ಮಗನೇ. ಉಪ್ಪಿನ ಪೊಟ್ಟಣ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. “ನಿನಗೆ ಇಂಗ್ಲಿಷ್ ಬೇಕು. ನನಗೆ ಕನ್ನಡ ಬೇಕು. ನಾಳೆಯಿಂದ ಬಾ.”

ಕನ್ನಡದಲ್ಲಿ ಧರ್ಮದ ಮಾರ್ಕು ತೆಗೆದುಕೊಂಡವನು ಹೀಗೆ ಕನ್ನಡದ ಮೇಷ್ಟ್ರಾದೆ.

ಅಪ್ಪನ ಒಪ್ಪಿಗೆ ಸಿಕ್ಕಿದ್ದು, ಹೇಗೂ ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಡಿಮೆ ಎಂಬ ಕಾರಣಕ್ಕೆ. “ಅಣ್ಣಮ್ಮ? ಅಣ್ಣನೋ ಅಮ್ಮನೋ, ಒಂದು ಸರಿಯಾಗಿ ಹೇಳು ಮಾರಾಯ” ಎಂದು ನಕ್ಕರು. ಅಜ್ಜಿಯ ಚಿಂತೆ ಬೇರೆ. “ಓದು ಎಷ್ಟು ಬೇಕಾದರೂ ಓದು. ಅವರ ಮನೆಯಲ್ಲಿ ಎಂತದೂ ತಿನ್ಬಾರದು” ಎಂದು ಮೊದಲೇ ಕಟ್ಟುಮಾಡಿದರು. ಆದರೆ ಹದಿನಾರರ ಹೊಟ್ಟೆ. ಸೈಕಲ್ ತುಳಿದು ಗುಡ್ಡ ಹತ್ತಿ ಹೋದವನ ಎದುರು ಆವಿಯಾಡುವ ಗೆಣಸಿನ ತಟ್ಟೆ. ಎರಡನೆಯ ದಿನವೇ ಶರಣಾದೆ. ಮನೆಗೆ ಬಂದಾಗ ಅಜ್ಜಿ ನನ್ನ ಬಾಯಿಯ ನೀರುಳ್ಳಿ ವಾಸನೆ ಹಿಡಿದರು. “ಬಾವಿಕಟ್ಟೆಗೆ ಹೋಗು” ಎಂದಷ್ಟೇ ಹೇಳಿದರು. ಆಮೇಲೆ ಸಂಜೆಯ ಸ್ನಾನ ನನ್ನ ದಿನಚರಿಗೆ ಸೇರಿತು. ನನ್ನಷ್ಟು ಶುಚಿಯಾದ ಕೆಡೆಟ್ ಅಕಾಡೆಮಿಯಲ್ಲಿ ಇರಲಿಲ್ಲವೆಂದರೆ ಅದರ ಪುಣ್ಯ ಅಜ್ಜಿಯದು.

ಪಾಠದ ಕ್ರಮ ಹೀಗೆ: ಮೊದಲ ಗಂಟೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು, ನಾನೂ. ಎರಡನೆಯ ಗಂಟೆ ಕನ್ನಡ ಬಿಟ್ಟು ಬೇರೆ ಮಾತಾಡಬಾರದು, ಅವರೂ. ಕೂತು ಕಲಿಯುವುದು ಅವರಿಗಾಗದು. ರಬ್ಬರಿನ ಸಸಿಗಳ ಸಾಲಿನಲ್ಲಿ ನಡೆಯುತ್ತಲೇ ಪಾಠ. ಒಂದು ದಿನ ಇಂಗ್ಲಿಷ್ ಗಂಟೆಯಲ್ಲಿ ಅವರ ಕಾಲಿನ ಹತ್ತಿರವೇ ಒಂದು ವಿಷದ ಕನ್ನಡಿ ಹಾವು ಸುರುಳಿ ಸುತ್ತಿ ಮಲಗಿತ್ತು. ನನ್ನ ಬಾಯಿಯಿಂದ ಇಂಗ್ಲಿಷ್ ಬಾರದು. ಕನ್ನಡ ಆಡಿದರೆ ನಿಯಮಭಂಗ. “ಟೀಚರ್, ದೇರ್ ಈಸ್... ಒನ್...” ಎಂದು ತೊದಲಿ, ಕೊನೆಗೆ “ಹಾವು!” ಎಂದು ಕಿರುಚಿ ಅವರ ಕೈ ಹಿಡಿದು ಎಳೆದೆ. ಹಾವು ತನ್ನ ಪಾಡಿಗೆ ಪೊದೆಗೆ ಸರಿಯಿತು. ಟೀಚರ್ ಶಿಲುಬೆಯ ಗುರುತು ಮಾಡಿ, ನನ್ನ ಕಡೆ ನೋಡಿದರು.

“ನೌ ಸೇ ಇಟ್ ಇನ್ ಇಂಗ್ಲಿಷ್.”

“ಸ್ನೇಕ್, ಟೀಚರ್.”

“ಫುಲ್ ಸೆಂಟೆನ್ಸ್!”

ಕನ್ನಡದ ಗಂಟೆಯಲ್ಲಿ ಸೇಡು ತೀರಿಸಿಕೊಳ್ಳುವ ಸರದಿ ನನ್ನದು. ‘ಶಾಲೆಯಲ್ಲಿ ಮಕ್ಕಳ ಪಟ್ಟಿ ಉಂಟು’ ಎಂದು ಉಕ್ತಲೇಖನ ಕೊಟ್ಟರೆ ಅವರು ಬರೆಯುವುದು ಬಿಟ್ಟು ಬಿದ್ದು ಬಿದ್ದು ನಕ್ಕರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿಯಂತೆ. ನಗು ಸುಲಭವಿತ್ತು, ಅವರ ಪ್ರಶ್ನೆಗಳು ಸುಲಭವಿರಲಿಲ್ಲ. “ನೀವೆಲ್ಲ ‘ಹೋಗುದು’ ಹೇಳ್ತೀರಿ, ಪುಸ್ತಕದಲ್ಲಿ ‘ಹೋಗುವುದು’ ಯಾಕೆ? ‘ಮರವನ್ನು’ ಸರಿ, ‘ಮರನನ್ನು’ ಯಾಕೆ ತಪ್ಪು?” ಎಂದು ಕೇಳುತ್ತಿದ್ದರು. ತಪ್ಪು ಎಂದು ನನಗೆ ಗೊತ್ತು, ಯಾಕೆಂದು ಗೊತ್ತಿಲ್ಲ. ಉತ್ತರಕ್ಕಾಗಿ ಮನೆಗೆ ಬಂದು ಅಟ್ಟದಿಂದ ವ್ಯಾಕರಣದ ಪುಸ್ತಕ ಇಳಿಸಿ, ಧೂಳು ಕೊಡವಿ, ಅಂಗಡಿಯಲ್ಲಿ ಕೂತು ಓದುತ್ತಿದ್ದೆ. ಹೈಸ್ಕೂಲು ಇಡೀ ತೆರೆಯದ ಪುಸ್ತಕ ಅದು. ಅಪ್ಪ ತಕ್ಕಡಿಯ ಆಚೆಯಿಂದ ನನ್ನನ್ನು ನೋಡುತ್ತಿದ್ದರು. ಮದ್ರಾಸಿನ ಮಾತು ಆ ವರ್ಷ ಮುಂದೆ ಹೋಯಿತು.

ಇಬ್ಬರ ಪರೀಕ್ಷೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂತು. ಫಲಿತಾಂಶವೂ ಹಾಗೆಯೇ ಬಂತು. ಟೀಚರ್ ಒಳ್ಳೆಯ ಮಾರ್ಕಿನಲ್ಲಿ ಪಾಸು. ನಾನು ಫೇಲು.

ಅವರಿಗೆ ಶಾಲೆಯಲ್ಲಿ ಕೆಲಸ ಆಯಿತು. ನಾನು ಆ ಕಡೆಗೆ ಸೈಕಲ್ ತಿರುಗಿಸಲಿಲ್ಲ. ಒಪ್ಪಂದದ ಅವರ ಪಾಲು ಮುಗಿದಿತ್ತಲ್ಲ. ಇನ್ನು ಯಾವ ಮುಖ ಹೊತ್ತು ಹೋಗುವುದು? ಮಾವನಿಗೆ ಅಪ್ಪ ಪುನಃ ಕಾಗದ ಹಾಕಿದರು. ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ, ಅಂಗಡಿಯಲ್ಲಿ ಜನ ತುಂಬಿರುವಾಗ, ಟೀಚರ್ ಕೊಡೆ ಮಡಚುತ್ತಾ ಒಳಗೆ ಬಂದರು. ನಾನು ಮೆಣಸಿನ ಗೋಣಿಯ ಹಿಂದೆ ಬಗ್ಗಿದೆ. ಆರಡಿ ದೇಹ, ಅಡಗಲಿಕ್ಕೆ ಗೋಣಿ ಸಾಕಾಗಲಿಲ್ಲ.

“ಪಾಠಕ್ಕೆ ಯಾಕೆ ಬರೂದಿಲ್ಲ?”

“ನಿಮ್ಮ ಪರೀಕ್ಷೆ ಮುಗೀತಲ್ಲ, ಟೀಚರ್.”

“ನನ್ನದು ಮುಗೀತು. ನಿನ್ನದು ಮುಗಿಲಿಲ್ಲ.”

ಅಪ್ಪ ನಡುವೆ ಬಾಯಿ ಹಾಕಿದರು. “ಬಿಡಿ ಟೀಚರ್, ನೀವು ಸುಮ್ಮನೆ ಕಷ್ಟ, ಬಂಙ ಬರುದು ಬೇಡ. ಇವನಿಗೆ ತಲೆ ಇಲ್ಲ. ಹೋಟೆಲಿಗೆ ಹೋಗ್ತಾನೆ.”

ಟೀಚರ್ ಅಪ್ಪನ ಕಡೆಗೆ ತಿರುಗಿದರು. ಒಂದೂ ತಪ್ಪಿಲ್ಲದ ಕನ್ನಡದಲ್ಲಿ, ಒಂದೊಂದು ಶಬ್ದವನ್ನೂ ಬಿಡಿಬಿಡಿಯಾಗಿ ಇಟ್ಟು ಕೇಳಿದರು: “ನಾನು ಈಗ ಯಾವ ಭಾಷೆ ಮಾತಾಡ್ತಾ ಇದ್ದೇನೆ?”

“ಕನ್ನಡ.”

“ಯಾರು ಕಲಿಸಿದ್ದು?”

ಅಪ್ಪ ಸಕ್ಕರೆ ತೂಗುವುದನ್ನು ನಿಲ್ಲಿಸಿದರು.

“ತಲೆ ಇಲ್ಲದವ ಕಲಿಸಿದ್ದಾ?”

ಅಂಗಡಿಯಲ್ಲಿ ಯಾರೋ ಕೆಮ್ಮಿದರು. ಅಪ್ಪ ತಕ್ಕಡಿಯಲ್ಲಿದ್ದ ಸಕ್ಕರೆಯನ್ನು ಒಂದು ಸಲ ನೋಡಿ, ನನ್ನನ್ನು ಒಂದು ಸಲ ನೋಡಿದರು. ನನ್ನ ತಲೆ ಇರುವುದನ್ನು ಆಗಲೇ ಮೊದಲ ಸಲ ಕಂಡವರ ಹಾಗೆ. “ಇನ್ನೊಂದು ಸಲ ಬರೀಲಿ” ಎಂದರು. ಟೀಚರ್ ಹೊರಟಾಗ ಒಳಗಿನಿಂದ ಅಜ್ಜಿ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕಳಿಸಿದರು. “ಬರೀ ಮೆಣಸು ಜಜ್ಜಿ ತಿಂದರೆ ಹೊಟ್ಟೆ ಎಂತ ಆಗುದು ಅವಳದ್ದು?” ಎಂಬುದು ಅವರ ಸಮಜಾಯಿಷಿ. ಸಂಜೆಯ ಸ್ನಾನ ಮಾತ್ರ ತಪ್ಪಲಿಲ್ಲ.

ಎರಡನೆಯ ಸಲ ಬರೆದ ಪರೀಕ್ಷೆಯಲ್ಲಿ ಪಾಸಾಗಿ, ಸಂದರ್ಶನಕ್ಕೆ ಬೆಂಗಳೂರಿಗೆ ಹೋದೆ. ಹಗ್ಗ ಹಿಡಿದು ಹೊಂಡ ದಾಟುವಲ್ಲಿ ದಾಟದೆ ಹೊಂಡಕ್ಕೆ ಬಿದ್ದೆ. ಜೊತೆಯವರೆಲ್ಲ ದೊಡ್ಡ ದೊಡ್ಡ ಶಾಲೆಗಳ ಹುಡುಗರು, ಫೋರ್ಕಿನಲ್ಲಿ ಬಟಾಣಿ ತಿನ್ನುವವರು. ಕೊನೆಯ ದಿನ ಮೇಜಿನ ಆಚೆ ಕೂತಿದ್ದ ನರೆಮೀಸೆಯ ಅಧಿಕಾರಿ ನನ್ನ ಮಾರ್ಕುಗಳನ್ನು ನೋಡಿ ಹುಬ್ಬು ಏರಿಸಿದರು. “ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಮೂವತ್ತೈದು. ಆಮೇಲೆ ಏನು ಮಾಡಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನನ್ನ ಟೀಚರಿಗೆ ಪಾಠ ಹೇಳಿದೆ, ಸರ್” ಎಂದೆ, ನಾನೂ ಇಂಗ್ಲಿಷಿನಲ್ಲಿ, ಫುಲ್ ಸೆಂಟೆನ್ಸಿನಲ್ಲಿ.

ಅವರು ಪೆನ್ನು ಕೆಳಗಿಟ್ಟರು. “ವಿವರಿಸು” ಎಂದರು. ಹಾವು, ನಾಯಿಯ ಪಟ್ಟಿ, ಗೆಣಸು, ಬಾವಿಕಟ್ಟೆ, ಮೆಣಸಿನ ಗೋಣಿ ಎಲ್ಲವನ್ನೂ ಹೇಳಿದೆ. ನಡುವೆ ವ್ಯಾಕರಣ ಎಲ್ಲೆಲ್ಲಿ ಎಡವಿತೋ ನನಗೆ ನೆನಪಿಲ್ಲ. ಅವರು ನಕ್ಕದ್ದು ನೆನಪಿದೆ. “ಫೇಲಾದ ಮೇಲೂ ಅವರು ನಿನ್ನನ್ನು ಯಾಕೆ ಕರೆದರು?” ಎಂದು ಕೇಳಿದರು. ಆ ಪ್ರಶ್ನೆಗೆ ನಾನು ತಯಾರಿ ಮಾಡಿರಲಿಲ್ಲ. “ಗೊತ್ತಿಲ್ಲ ಸರ್. ಆದರೆ ಬೇರೆಯವರನ್ನು ನಾನೂ ಹಾಗೆ ಕರೆಯಬೇಕು ಅಂತ ಉಂಟು” ಎಂದೆ.

ಕೆಲವು ತಿಂಗಳ ನಂತರ ಆಲಂಕಾರಿಗೆ ಟೆಲಿಗ್ರಾಂ ಬಂತು. ಟೆಲಿಗ್ರಾಂ ಎಂದರೆ ಸಾವಿನ ಸುದ್ದಿ ಎಂದೇ ನಂಬಿದ್ದ ಅಜ್ಜಿ, ಯಾರು ಎಂತ ಎಂದು ಕೇಳದೆ ಅಳಲು ಶುರುಮಾಡಿದರು. ನಾನು ಬಿಡಿಸಿ ಓದಿ, “ಅಪ್ಪಾ, ಸೇರಲಿಕ್ಕೆ ಹೇಳಿದ್ದಾರೆ” ಎಂದೆ. ಅಪ್ಪ ಟೆಲಿಗ್ರಾಂ ಕಸಿದುಕೊಂಡರು. “ನೀನು ಓದಿದ್ದು ಬೇಡ. ಟೀಚರ್ ಓದಲಿ.” ಅಂಗಡಿಯನ್ನು ಗಿರಾಕಿಗಳ ಮೇಲೆಯೇ ಬಿಟ್ಟು, ನನ್ನ ಸೈಕಲಿನ ಹಿಂದೆ ಕೂತು ಶಾಲೆಗೆ ಬಂದರು.

ಟೀಚರ್ ಮೂರನೆಯ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದರು. ಕಾಗದ ನೋಡಿದರು. ಅಷ್ಟು ಮಾತಿನ ಹೆಂಗಸು, ಗಂಡನ ಹಾಗೆ ಒಂದೇ ಶಬ್ದ ಹೇಳಿದರು: “ಆಯ್ತು.” ಅಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಟವಲಿನಿಂದ ಮುಖ ಒರೆಸಿಕೊಂಡು, “ಟೀಚರ್, ಅವತ್ತು ನನ್ನದೇ ತಲೆ ಇರಲಿಲ್ಲ” ಎಂದರು. ಮಕ್ಕಳಿಗೆ ಏನೂ ಅರ್ಥವಾಗದಿದ್ದರೂ ಮಗ್ಗಿ ತಪ್ಪಿದ ಸಂತೋಷಕ್ಕೆ ಚಪ್ಪಾಳೆ ತಟ್ಟಿದರು.

ಅಕಾಡೆಮಿಯಲ್ಲಿ ಕುದುರೆ ನನ್ನನ್ನು ಮೊದಲ ವಾರವೇ ಕೆಳಗೆ ಹಾಕಿತು, ಆ ಕತೆ ಇರಲಿ. ಟೀಚರ್ ತಿಂಗಳಿಗೊಂದು ಕಾಗದ ಕನ್ನಡದಲ್ಲಿ ಬರೆಯುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಿದ್ದೆ. ಅವರ ತಪ್ಪು ನಾನು ತಿದ್ದುವುದು, ನನ್ನದನ್ನು ಅವರು. ಅರುವತ್ತೈದರ ಯುದ್ಧದಲ್ಲಿ ಪಂಜಾಬಿನ ಕಬ್ಬಿನ ಗದ್ದೆಯಲ್ಲಿ ಕೂತು ಮಡಿಲಲ್ಲಿ ಹಾಳೆ ಇಟ್ಟು ಒಂದು ಕಾಗದ ಬರೆದಿದ್ದೆ, ಬಹುಶಃ ಕೊನೆಯದೆಂದುಕೊಂಡು. ಅದಕ್ಕೆ ಬಂದ ಉತ್ತರದಲ್ಲಿ, ದಿನಾಲೂ ಪ್ರಾರ್ಥನೆ ಮಾಡುತ್ತಿದ್ದೇನೆ ಎಂಬುದು ಮೊದಲ ಸಾಲು. ನಾನು ‘ಸಿನ್ಸ್’ ಹಾಕಿದ ಕಡೆ ‘ಫಾರ್’ ಆಗಬೇಕಿತ್ತು ಎಂಬುದು ಎರಡನೆಯದು. ಅದನ್ನು ಓದಿದ ಮೇಲೆ ನನಗೆ ಯಾಕೋ ಬದುಕಿ ಬರುತ್ತೇನೆ ಎನಿಸಿತು.

ಟೀಚರ್ ಹೋಗಿ ಈಗ ಬಹಳ ವರ್ಷ. ಅವರು ಕಲಿಸಿದ ಇಂಗ್ಲಿಷಿಗೆ ಕೃತಜ್ಞತೆ ಹೇಳಬೇಕೆಂದು ಈ ಬರಹಕ್ಕೆ ಕೂತವನು ನಾನು. ಇಷ್ಟು ಪುಟ ಬರೆದ ಮೇಲೆ ಬೇರೆಯೇ ಒಂದು ವಿಷಯ ಹೊಳೆಯುತ್ತಿದೆ. ಜೀವನವಿಡೀ ಕಂಟೋನ್ಮೆಂಟುಗಳಲ್ಲಿ ಹಿಂದಿ, ಇಂಗ್ಲಿಷ್ ಆಡಿದವನ ಕೈಯಲ್ಲಿ ಈ ಕನ್ನಡ ಹೇಗೆ ಉಳಿಯಿತು? ಶಾಲೆ ನನಗೆ ಕೊಟ್ಟದ್ದು ಮೂವತ್ತೇಳು ಮಾರ್ಕಿನಷ್ಟು. ಬಾಕಿಯದೆಲ್ಲ, ಕಲಿಯಲಿಕ್ಕೆ ಬಂದ ಒಬ್ಬರ ‘ಯಾಕೆ’ಗಳಿಗೆ ಉತ್ತರ ಹುಡುಕುತ್ತಾ ಆದದ್ದು.

ಪುಣೆಯಲ್ಲಿರುವ ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸಲು ನಾನು ಎಷ್ಟೋ ಸಲ ಹೋಗಿ ಸೋತಿದ್ದೇನೆ; ಆಜ್ಞೆ ಕೊಟ್ಟರೆ ಸೈನಿಕರು ಕಲಿತಾರು, ಹನ್ನೆರಡರ ಹುಡುಗಿ ಕಲಿಯಳು. ನಿನ್ನೆ ಅವಳಿಗೆ ಫೋನು ಮಾಡಿ, “ನನಗೆ ಮರಾಠಿ ಕಲಿಯಬೇಕೆಂದು ಆಸೆ. ಕಲಿಸುತ್ತೀಯಾ?” ಎಂದೆ.

“ಎಂಬತ್ತು ದಾಟಿದ ಮೇಲೆ ಬರುತ್ತದಾ, ಅಜ್ಜ?”

“ಗೊತ್ತಿಲ್ಲ. ಬದಲಿಗೆ ನಾನು ಕನ್ನಡ ಹೇಳಿಕೊಡುತ್ತೇನೆ.”

“ಸರಿ. ಆದರೆ ನಾನು ತುಂಬ ಸ್ಟ್ರಿಕ್ಟ್” ಎಂದಳು.

ಭಾನುವಾರ ಮೊದಲ ಪಾಠ. ನಾನು ಹೊಸ ಪೆನ್ನು ತಂದು ಇಟ್ಟುಕೊಂಡಿದ್ದೇನೆ.