ಚೆಂಡಕ್ಕ ಮಾಡುವ ಕೆಲಸ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಚೆಂಡಕ್ಕ ಅಂತಲೇ ಕರೆಯುತ್ತಿದ್ದರು. ನೆಲಮಾಳಿಗೆಯ ಕೊನೆಯ ಕೋಣೆ, ಅದರ ತುಂಬ ರಬ್ಬರ್ ಚೆಂಡುಗಳು, ಹಗ್ಗ, ನೆಲಕ್ಕೆ ಹಾಸಿದ ಚಾಪೆ. ಇಷ್ಟನ್ನು ಕಂಡವರು ಇನ್ನೇನೆಂದು ಕರೆದಾರು? ಅವಳು ಓದಿದ್ದು ಸೈಕೋಮೋಟರ್ ಥೆರಪಿ. ಮನಸ್ಸಿಗೆ ಹತ್ತಿದ ಭಯ ಮೈಯೊಳಗೆ ಬೀಡುಬಿಟ್ಟಾಗ ಮೈಯನ್ನೇ ಆಡಿಸಿ ಅದನ್ನು ಒಕ್ಕಲೆಬ್ಬಿಸುವ ವಿದ್ಯೆ. ಸರ್ಕಾರದ ಲೆಕ್ಕದಲ್ಲಿ ಅಂಥ ಕಸುಬೇ ಇರಲಿಲ್ಲವಾದ್ದರಿಂದ ಅವಳನ್ನು ಆಟದ ಮೇಷ್ಟರ ಖಾಲಿ ಹುದ್ದೆಗೆ ತುರುಕಿದ್ದರು. ಮೂಳೆ ಡಾಕ್ಟರು ‘ಇದು ಮನಸ್ಸಿನ ವಿಷಯ’ ಎಂದು ಕೈತೊಳೆದುಕೊಂಡರೆ, ಮನಸ್ಸಿನ ಡಾಕ್ಟರು ‘ಇದು ಮೈಯ ವಿಷಯ’ ಎಂದು ಜಾರಿಕೊಳ್ಳುತ್ತಿದ್ದರು. ಇನ್ನು ಅತ್ತೆ. ನೆರೆಯವರ ಮುಂದೆ ನಿಂತು, “ನಮ್ಮ ಸೊಸೆ ಆಸ್ಪತ್ರೇಲಿ ಆಟ ಆಡ್ತಾಳೆ, ಅದಕ್ಕೆ ಸಂಬಳಾನೂ ಕೊಡ್ತಾರೆ ನೋಡಿ!” ಎಂದು ಹೆಮ್ಮೆಯಿಂದಲೇ ಮಾನ ಕಳೆಯುತ್ತಿದ್ದರು.

ಹೀಗೆ ಹೇಗೋ ನಡೆದುಕೊಂಡು ಹೋಗುತ್ತಿದ್ದಾಗ ಹೊಸ ಕಾನೂನು ಬಂತು. ಮಾನ್ಯತೆ ಇಲ್ಲದ ಕಸುಬಿನವರು ರೋಗಿಗಳ ಹತ್ತಿರ ಸುಳಿಯುವಂತಿಲ್ಲ. ಅವಳ ಕಸುಬಿಗೆ ಮಾನ್ಯತೆ ಕೊಡಬೇಕೋ ಬೇಡವೋ ಎಂದು ಕಣ್ಣಾರೆ ನೋಡಿ ತೀರ್ಮಾನಿಸಲು ಹಿರಿಯ ಅಧಿಕಾರಿಯೊಬ್ಬರು ಗುಮಾಸ್ತನೊಂದಿಗೆ ಬರುವವರಿದ್ದರು. ಅವರು ಬೇಡವೆಂದರೆ ಕೋಣೆಗೆ ಬೀಗ, ಅವಳು ಮನೆಗೆ.

ಅವರು ಬಂದಾಗ ಕೋಣೆಯಲ್ಲಿದ್ದವನು ಒಬ್ಬ ಬಸ್ ಡ್ರೈವರ್. ಮೆಟ್ಟಿಲ ಮೇಲಿಂದ ಬಿದ್ದಿದ್ದ. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಗೋಡೆ ಬಿಟ್ಟು ನಿಂತರೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಅವನಿಗೆ ಅವಳು ಮಾಡಿಸುತ್ತಿದ್ದುದು ಕನ್ನಡಿಯಾಟ. ಎದುರಿಗೆ ನಿಂತು ಅವಳು ಏನು ಮಾಡಿದರೆ ಅದನ್ನೇ ಅವನೂ ಮಾಡಬೇಕು. ಮಾತಿಲ್ಲ, ಮುಟ್ಟುವುದಿಲ್ಲ. ಜೀವಮಾನವೆಲ್ಲ ಸಿಗ್ನಲ್ ನೋಡಿ ಬ್ರೇಕ್ ಹಾಕಿದ ಮನುಷ್ಯ, ಚಾಚೂ ತಪ್ಪುತ್ತಿರಲಿಲ್ಲ.

ಅಧಿಕಾರಿ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಹುಣಸೆಹಣ್ಣು ತಿಂದಂಥ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂತರು. “ಶುರು ಮಾಡಿ” ಎಂದರು.

ಚೆಂಡಕ್ಕ ಡ್ರೈವರನ ಎದುರು ನಿಂತಳು. ಅಷ್ಟೆ, ಕೈಕಾಲು ಆಡಲಿಲ್ಲ. ಭುಜ ಕಿವಿಯವರೆಗೆ ಏರಿತು, ಮುಷ್ಟಿ ಬಿಗಿಯಿತು, ಕಣ್ಣು ಮಿಟುಕಲಿಲ್ಲ, ಮೊಣಕಾಲು ಗಡಗಡ ನಡುಗಿತು.

ಡ್ರೈವರ್ ಒಂದು ಕ್ಷಣ ಯೋಚಿಸಿದ. ಇವತ್ತು ಸ್ವಲ್ಪ ಕಷ್ಟದ್ದೇ ಕೊಟ್ಟಿದ್ದಾರೆ ಅಂದುಕೊಂಡ. ಗೋಡೆ ಬಿಟ್ಟು, ಭುಜ ಏರಿಸಿ, ಮುಷ್ಟಿ ಕಟ್ಟಿ, ಕಣ್ಣು ಕೆಕ್ಕರಿಸಿಕೊಂಡು ಗಡಗಡ ನಡುಗತೊಡಗಿದ. ಅವಳು ಉಗುಳು ನುಂಗಿದಳು. ಅವನೂ ನುಂಗಿದ.

ಗುಮಾಸ್ತ ಕಕ್ಕಾಬಿಕ್ಕಿಯಾಗಿ, “ಸಾರ್, ಇಬ್ರಿಗೂ ಏನೋ ಆಗ್ತಿದೆ, ಡಾಕ್ಟ್ರನ್ನ ಕರೀಲಾ?” ಎಂದ.

ತನ್ನ ಭಯಕ್ಕೇ ಮೀಸೆ ಬಂದು ಎದುರಿಗೆ ನಿಂತದ್ದನ್ನು ಕಂಡು ಚೆಂಡಕ್ಕನಿಗೆ ನಗು ತಡೆಯಲಾಗಲಿಲ್ಲ. ಫಕ್ಕನೆ ನಕ್ಕಳು. ಅವನೂ ಶ್ರದ್ಧೆಯಿಂದ ಫಕ್ಕನೆ ನಕ್ಕ. ಅವಳು ಉಸಿರು ಬಿಟ್ಟು ಭುಜ ಇಳಿಸಿದಳು, ಅವನೂ ಇಳಿಸಿದ. ಇಬ್ಬರ ನಡುಕವೂ ನಿಂತಿತು.

“ಈ ನಡುಗೋದು ಯಾವ ಚಿಕಿತ್ಸೆ?” ಅಧಿಕಾರಿ ಕೇಳಿದರು.

“ಅದು ಚಿಕಿತ್ಸೆ ಅಲ್ಲ ಸಾರ್, ನನಗೆ ನಿಮ್ಮನ್ನ ಕಂಡು ಭಯ ಆಯ್ತು. ಭಯ ಇಳಿಸಿದ್ವಲ್ಲ, ಅದು ಚಿಕಿತ್ಸೆ.”

ಅವರು ಅವಳನ್ನು ಬಿಟ್ಟು ಡ್ರೈವರನ ಕಡೆ ತಿರುಗಿದರು. “ನೀವು ಹೇಳಿ. ಇವರು ನಿಮಗೆ ಏನು ಮಾಡ್ತಾರೆ?”

“ಇವ್ರಾ? ಏನೂ ಮಾಡಲ್ಲ ಸಾರ್” ಎಂದ ಡ್ರೈವರ್, ಎದೆಯುಬ್ಬಿಸಿ. “ಎಲ್ಲಾ ನಾನೇ ಮಾಡ್ಕೋತೀನಿ.”

ಅವನ ಬಾಯಿಂದ ಒಂದು ದಿನ ಈ ಮಾತು ಬರಲಿ ಎಂದೇ ಚೆಂಡಕ್ಕ ಇಷ್ಟು ಕಾಲ ಒದ್ದಾಡಿದ್ದು. ಇವತ್ತೇ ಬರಬೇಕೇ, ಪುಣ್ಯಾತ್ಮ!

“ಹಾಗಾದ್ರೆ ಮನೇಲೇ ಮಾಡ್ಕೋಬಹುದಲ್ಲ?” ಎಂದರು ಅಧಿಕಾರಿ.

ಡ್ರೈವರ್ ತಲೆ ಕೆರೆದುಕೊಂಡ. “ಆಗಲ್ಲ ಸಾರ್. ಮನೇಲಿ ಎದ್ರೆ ಸಾಕು, ಹೆಂಡ್ತಿ ಒಂದ್ಕಡೆ, ಮಗಳು ಒಂದ್ಕಡೆ, ಬಿದ್ದೀಯ ಬಿದ್ದೀಯ ಅಂತ ಹಿಡ್ಕೊಂಡ್ಬಿಡ್ತಾರೆ. ಪಾಪ, ಪ್ರೀತಿಗೇ. ಆದ್ರೆ ಅವರು ಹಿಡ್ಕೊಂಡ ತಕ್ಷಣ ನಂಗೂ ಬೀಳ್ತೀನಿ ಅನ್ಸುತ್ತೆ. ಇವರೊಬ್ರೇ ಹಿಡ್ಕೊಳ್ಳದೆ ಎದುರಿಗೆ ನಿಂತಿರ್ತಾರೆ.”

ಅಧಿಕಾರಿ ಎದ್ದು ಬಾಗಿಲ ಬಳಿ ಹೋಗಿ, ಒಂಟಿಕಾಲಲ್ಲಿ ನಿಂತು ಬೂಟಿಗೆ ಪಾದ ತೂರಿಸತೊಡಗಿದರು. ದೊಡ್ಡ ಹೊಟ್ಟೆ, ಬಿಗಿಯಾದ ಬೂಟು. ಮೈ ಒಮ್ಮೆ ವಾಲಿತು. ಗುಮಾಸ್ತ ಗಾಬರಿಯಿಂದ ಎರಡೂ ಕೈ ಚಾಚಿ ಓಡಿದ.

“ಹಿಡೀಬೇಡಿ!” ಎಂದು ಚೆಂಡಕ್ಕ ಗದರಿದಳು. ಗದರಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೆಲಸ ಹೋಯಿತು, ಇನ್ನೇನು ಉಳಿದಿದೆ ಅನ್ನಿಸಿತು. ಆದರೂ ಅಭ್ಯಾಸಬಲ, ಅವರ ಎದುರಿಗೆ ಹೋಗಿ ತಾನೂ ಒಂಟಿಕಾಲಲ್ಲಿ ನಿಂತಳು. ಅಧಿಕಾರಿ ಅವಳನ್ನೇ ನೋಡುತ್ತ ಓಲಾಡಿದರು, ಓಲಾಡಿ ನಿಂತರು. ಬೂಟು ಒಳಗೆ ಹೋಯಿತು.

ಅವರು ನೆಟ್ಟಗಾಗಿ ಜೇಬಿನಿಂದ ಪೆನ್ನು ತೆಗೆದರು. ಮುಖ ಇನ್ನೂ ಹುಳಿಯಾಗಿಯೇ ಇತ್ತು.

“ಅದೇನೋ ಹೆಸರಿದೆಯಲ್ಲ ನಿಮ್ಮ ಕೆಲಸಕ್ಕೆ” ಎಂದರು, “ನಿಧಾನವಾಗಿ ಹೇಳಿ. ಸರಿಯಾಗಿ ಬರ್ಕೋಬೇಕು.”