ಅಷ್ಟು ಬೇಗ ಒಪ್ಪಬೇಡಿ
ವಸ್ತುಸಂಗ್ರಹಾಲಯದ ಕೀಟ ವಿಭಾಗವನ್ನು ನೋಡಿಕೊಳ್ಳುವವರನ್ನು ಎಲ್ಲರೂ ಹುಳದ ಮೇಷ್ಟ್ರು ಎನ್ನುತ್ತಾರೆ. ಯಾರಾದರೂ ಒಳಗೆ ಕಾಲಿಟ್ಟರೆ ಸಾಕು, ಗಾಜಿನ ಪೆಟ್ಟಿಗೆಯಿಂದ ಜೀವಂತ ಜೀರುಂಡೆಯೊಂದನ್ನು ಎತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಅದುಮುತ್ತಾರೆ. ಅದು ಪಟ್ಟೆಂದು ಬಿಸಿ ಆವಿ ಉಗುಳುತ್ತದೆ. "ಹೊಟ್ಟೆಯೊಳಗೆ ಎರಡು ಕೋಣೆ. ಎರಡರ ರಸ ಕೂಡಿದ್ರೆ ಕುದಿಯುತ್ತೆ, ಆದ್ರೂ ಹುಳಕ್ಕೆ ಒಂದು ಗುಳ್ಳೆನೂ ಏಳಲ್ಲ. ಇದೇನು ತಾನಾಗೇ ಆಯ್ತಾ? ಯಾರೋ ಕೂತು ಯೋಚಿಸಿ ಮಾಡಿದ್ದು!" ಎನ್ನುತ್ತಾ, ಕಂದು ಕಲೆ ಹತ್ತಿದ ಬೆರಳನ್ನು ಸಾಕ್ಷಿಯಂತೆ ಎದುರಿನವರ ಮೂಗಿಗೇ ಹಿಡಿಯುತ್ತಾರೆ. ಇಲ್ಲ, ಕೋಟಿ ವರ್ಷಗಳಲ್ಲಿ ಚೂರುಚೂರೇ ಬದಲಾಗುತ್ತಾ ಹೀಗಾಗಿದ್ದು ಎಂದು ವಾದಕ್ಕಿಳಿಯುವವರು ಸಿಕ್ಕರೆ ಮೇಷ್ಟ್ರಿಗೆ ಊಟವೂ ಬೇಡ. ಮೊನ್ನೆ ಬಂದ ಹೆಂಗಸೊಬ್ಬರು ಗಡಿಯಾರ ನೋಡಿ, "ನೀವು ಹೇಳೋದೇ ಸರಿ ಬಿಡಿ ಸಾರ್" ಎಂದು ಹೊರಟಾಗ ಮೇಷ್ಟ್ರು ಹೌಹಾರಿ ಬಾಗಿಲಿಗೆ ಅಡ್ಡ ಬಂದರು: "ಅಷ್ಟು ಬೇಗ ಒಪ್ಪಬೇಡಿ ತಾಯಿ! ಹಾಗಾದ್ರೆ ಇದನ್ನ ತಿನ್ನೋ ಕಪ್ಪೆನ ಮಾಡಿದ್ಯಾರು ಅಂತ ಕೇಳಿ!" ಆಕೆ ನಕ್ಕು ಹೊರಟೇಹೋದರು. ಮೇಷ್ಟ್ರ ಪ್ರತಿ ಮಾತಿಗೂ ಅಡುಗೆಮನೆಯಿಂದಲೇ "ಬುರುಡೆ ಬಿಡಬೇಡ ಅಣ್ಣ" ಎನ್ನುತ್ತಿದ್ದ ತಂಗಿ ತೀರಿಹೋಗಿ ವರ್ಷವಾಯಿತು, ಮನೆಯಲ್ಲೀಗ ಅಲ್ಲಗಳೆಯುವವರಿಲ್ಲ. ಅದು ಗೊತ್ತಿರುವ ಕಾವಲುಗಾರ, ಹುಳದ ತಲೆಬುಡ ತಿಳಿಯದಿದ್ದರೂ, ಸಂಜೆ ಬೀಗ ಹಾಕುತ್ತಾ ದಿನವೂ ಹೇಳುತ್ತಾನೆ: "ನಾನಿನ್ನೂ ಒಪ್ಪಿಲ್ಲ ಸಾರ್. ನಾಳೆ ನೋಡೋಣ."