ಚಾಚಾ ನೋಡಿದ ಎರಡು ದೋಣಿ

ಚಾಚಾ ಅವರ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಯಾವುದೋ ಕಾಲದಲ್ಲಿ ಫ್ಯಾನ್ ಬೆಲ್ಟಿಗೆ ಸಿಕ್ಕಿ ಹೋಗಿತ್ತಂತೆ. ಆ ಮೊಂಡು ಬೆರಳನ್ನೇ ಓಡುವ ಎಂಜಿನ್ನಿನ ಮೇಲಿಟ್ಟು, ಒಳಗೇನು ಸವೆದಿದೆ ಎಂದು ಹೇಳುತ್ತಿದ್ದರು. ದಾಂಡೇಲಿಯಲ್ಲಿ ಅವರ ಗ್ಯಾರೇಜು; ಊರಿಗೆಲ್ಲ ಅವರು ಚಾಚಾ. ನನ್ನ ಜೀಪನ್ನು ಹನ್ನೊಂದು ವರ್ಷ ಅವರೇ ನೋಡಿಕೊಂಡರು. ಕೆಲಸದ ನಡುವೆ ಮಾತಾಡಿಸಿದರೆ ಸಿಟ್ಟು. ಮುಗಿದ ಮೇಲೆ ಚಹಾ ಕುಡಿಸದೆ ಬಿಡುತ್ತಿರಲಿಲ್ಲ.

ಅಲ್ಲೇ ಹತ್ತಿರದ ಕೋಗಿಲಬನದಲ್ಲಿ ನಾನು ಪ್ರವಾಸಿಗರಿಗೆಂದು ನಾಲ್ಕು ಕೋಣೆ ನಡೆಸುತ್ತೇನೆ. ಅವರನ್ನು ಕಾಳಿ ನದಿಯ ಹಿನ್ನೀರಿನಲ್ಲಿ ಸುತ್ತಾಡಿಸಲು ಮೋಟಾರು ದೋಣಿಯೊಂದು ಬೇಕಿತ್ತು. ಜೋಯಿಡಾ ಕಡೆಯ ಒಬ್ಬರು ತಮ್ಮ ಎರಡು ಹಳೆಯ ದೋಣಿಗಳನ್ನು ಮಾರಲಿಕ್ಕಿದ್ದರು. ಒಂದು ಹೊಸ ಬಿಳಿ ಬಣ್ಣ, ಮೆತ್ತನೆಯ ಸೀಟುಗಳಿಂದ ಥಳಥಳಿಸುತ್ತಿತ್ತು. ಇನ್ನೊಂದರ ನೀಲಿ ಬಣ್ಣ ಬಿಸಿಲಿಗೆ ಮಾಸಿ, ಸೀಟು ಹರಿದಿತ್ತು. ಬಿಳಿಯದೇ ಎಂದು ನಾನು ಆಗಲೇ ನಿರ್ಧರಿಸಿದ್ದೆ. ಚಾಚಾ ಅವರನ್ನು ಕರೆದೊಯ್ದದ್ದು ಎಂಜಿನ್ ನೋಡಲಿಕ್ಕಷ್ಟೇ.

"ಇನ್ನೊಂದು ಪಾರ್ಟಿ ಹೊಂಟೈತ್ರಿ, ಲಗೂನ ಹೇಳ್ರಿ," ಎಂದು ಮಾರುವವರು ಅವಸರ ಮಾಡಿದರು. ನನ್ನ ಮಗಳು ಬಿಳಿ ದೋಣಿ ಹತ್ತಿ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

"ಅಕಿನ್ನ ಇಳಸು ಬೇಟಿ," ಎಂದರು ಚಾಚಾ ನನಗೆ. "ಆರು ಮಂದಿ ತೂಕದ ಉಸುಕಿನ ಚೀಲ ಹಾಕೂಣು. ಖಾಲಿ ದೋಣಿ ಎಲ್ಲಾ ಛಲೋನ ಓಡತಾವ."

ಮಗಳು ಮುಖ ಊದಿಸಿಕೊಂಡು ದಂಡೆಗಿಳಿದಳು. ಚೀಲ ಹೇರಿಕೊಂಡು ನಾವಿಬ್ಬರೇ ಹೊರಟೆವು.

ದಂಡೆಯ ಮೇಲಿನವರ ಮುಖ ಕಾಣದಷ್ಟು ದೂರ ಹೋದಾಗ ಹಿಂದೆ ಏನೋ ಸೀಳಿದ ಸದ್ದಾಯಿತು. ಎಂಜಿನ್ ಬಿಗಿದಿದ್ದ ಹಲಗೆ ಹೊಸ ಬಣ್ಣದ ಕೆಳಗೆ ಕೊಳೆತುಹೋಗಿತ್ತು. ಬಿರುಕಿನಿಂದ ನೀರು ನುಗ್ಗಿತು. ಗಾಬರಿಯಲ್ಲಿ ಎಂಜಿನ್ ಆರಿಸಲು ಕೈ ಚಾಚಿದೆ.

"ಮುಟ್ಟಬ್ಯಾಡ. ನಿಂತ್ರ ಮುಳಗತೈತಿ. ಚೀಲ ಒಗಿ."

ಒಂದೊಂದಾಗಿ ಎತ್ತಿ ಎಸೆದೆ. ನೀರು ಮೊಣಕಾಲಿಗೆ ಬಂತು. ಚಾಚಾ ಒಂದು ಕೈಯಲ್ಲಿ ಎಂಜಿನ್ನನ್ನು ಹಲಗೆಗೆ ಒತ್ತಿ ಹಿಡಿದು, ಇನ್ನೊಂದರಲ್ಲಿ ದೋಣಿ ತಿರುಗಿಸಿದರು. ಅವರ ತುಟಿಗಳು ಅಲುಗುತ್ತಿದ್ದವು, ಮಾತು ಹೊರಡುತ್ತಿರಲಿಲ್ಲ. ದೋಣಿಯ ಮೂತಿ ದಂಡೆಯ ಕೆಸರಿಗೆ ಬಡಿದಾಗ ಹಲಗೆ ಎಂಜಿನ್ ಸಮೇತ ಕಳಚಿ ಬಿತ್ತು.

ಮಗಳು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಚಾಚಾ ಅವಳನ್ನೇ ನೋಡುತ್ತ, "ಚೀಲ ಇದ್ವು, ಒಗದಿ. ಮಂದಿ ಇದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿದರು. ಮಾರುವವರು ತಲೆ ಎತ್ತಲಿಲ್ಲ.

"ನಡಿ, ಇನ್ನೊಂದನ್ನೂ ನೋಡೂಣು."

ಹತ್ತಲಾರೆ ಎಂದೆ. ಅವರು ಒದ್ದೆ ಬಟ್ಟೆಯಲ್ಲೇ ನೀಲಿ ದೋಣಿಗೆ ಚೀಲ ಹೇರಿ, ಒಬ್ಬರೇ ಮೂರು ಸುತ್ತು ಹಾಕಿ ಬಂದರು. "ಇದನ್ನ ತಗೋ. ಗಟ್ಟಿ ಐತಿ." ಅಷ್ಟೇ ಹೇಳಿದ್ದು. ಆ ದೋಣಿಯೇ ಇಂದಿಗೂ ನನ್ನ ಮನೆ ನಡೆಸುತ್ತಿದೆ.

ಕಳೆದ ಮಳೆಗಾಲಕ್ಕೆ ಮೊದಲು ಚಾಚಾ ಎದೆನೋವಿನಿಂದ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿಗೆ ಬಿಳಿ ದೋಣಿಯ ಸಂಗತಿ ಹೇಳಿದೆ. ಚಾಚಾ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಎಲ್ಲ ಕೇಳಿದ ಮೇಲೆ ಅವರ ಹೆಂಡತಿ, "ಅವರಿಗೆ ಈಜಾಕ ಬರ್ತಿದ್ದಿಲ್ಲ ಬೇಟಿ. ನೀರಂದ್ರ ಭಾಳ ಅಂಜತಿದ್ರು," ಎಂದರು.

ನೀಲಿ ದೋಣಿಯಲ್ಲಿ ಅವರನ್ನು ಒಬ್ಬರನ್ನೇ ಕಳಿಸಿ ನಾನು ದಂಡೆಯಲ್ಲಿ ನಿಂತಿದ್ದೆನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.